ನೋಟಕರ ಪಾಲಿನ ಹಿಂಸೆ

ಮದ್ಯ-ಮಾಂಸ-ಮಧುಗಳ ತ್ಯಾಗ, ರಾತ್ರಿಭೋಜನದ ತ್ಯಾಗ, ಸೋಸಿದ ನೀರಿನ ಸೇವನೆ ಇವು ಜೈನ ಗೃಹಸ್ಥನ ಗುರುತುಗಳೆಂದು ಲೋಕವೆಲ್ಲ ಬಲ್ಲದು. ಈ ಆಚಾರಗಳು ಶ್ರೇಷ್ಠವಾದವು. ಇಂದಿಗೂ ಅವನ್ನು ಉಳಿಸಿಕೊಂಡಿರುವ ಮನೆತನಗಳು ವಂದನೀಯವಾದವು. ಆದರೆ ಅಹಿಂಸಾಣುವ್ರತವು ಅಡುಗೆಮನೆಯ ಹೊಸ್ತಿಲಲ್ಲಿಯೇ ಮುಗಿಯುತ್ತದೆಂಬ ಭಾವನೆಯೊಂದು ಸಮಾಜದಲ್ಲಿ ಬೇರೂರುತ್ತಿದೆ. ಪ್ರವಾಸಕ್ಕೆ ಹೊರಡುವ ಕುಟುಂಬವು ಊಟದ ವಿಷಯದಲ್ಲಿ ನೂರು ಪ್ರಶ್ನೆಗಳನ್ನು ಕೇಳುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಅಡುಗೆ ದೊರೆಯುವುದೇ, ಸೂರ್ಯಾಸ್ತಕ್ಕೆ ಮೊದಲು ಬಡಿಸುವರೇ ಎಂದು ವಿಚಾರಿಸುತ್ತದೆ. ಅದೇ ಪ್ರವಾಸದಲ್ಲಿ ಪ್ರಾಣಿಪಕ್ಷಿಗಳನ್ನು ತೋರಿಸುವ ಕಾರ್ಯಕ್ರಮವಿದ್ದರೆ ಆ ಬಗ್ಗೆ ಒಂದು ಪ್ರಶ್ನೆಯೂ ಏಳುವುದಿಲ್ಲ. “ಕೊಲ್ಲಲಿಲ್ಲ, ತಿನ್ನಲಿಲ್ಲ, ಬರಿದೇ ನೋಡಿ ಬಂದೆವು” ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಈ ಸಮಾಧಾನವು ಶಾಸ್ತ್ರದ ಮುಂದೆಯೂ ನಿಲ್ಲದು, ವಾಸ್ತವದ ಮುಂದೆಯೂ ನಿಲ್ಲದು.

ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಿಂದ ಸುಮಾರು 140 ಕಿ.ಮೀ. ದೂರದಲ್ಲಿ ಫಿಲಿಪ್ ದ್ವೀಪವಿದೆ. ಮೆಲ್ಬರ್ನಿನಲ್ಲಿ ನೆಲೆಸಿದ ಮಕ್ಕಳು ಊರಿನಿಂದ ಬಂದ ತಂದೆತಾಯಿಗಳಿಗೆ ತಪ್ಪದೆ ತೋರಿಸುವ ಸ್ಥಳಗಳಲ್ಲಿ ಇದೂ ಒಂದು. ಮಾರ್ಗದರ್ಶಕರೊಡನೆ ಬಸ್ಸಿನಲ್ಲಿ ಹೊರಟು, ಕಡಲ ತಡಿಯ ಪ್ರಾಣಿಪಕ್ಷಿಗಳನ್ನು ಕಂಡು, ರಾತ್ರಿ ಹಿಂದಿರುಗುವ ಒಂದು ದಿನದ ಪ್ರವಾಸವಿದು. ಇದರ ಮುಖ್ಯ ಆಕರ್ಷಣೆ ಸಮ್ಮರ್‌ಲ್ಯಾಂಡ್ ಕಡಲತೀರದಲ್ಲಿದೆ. ಪೆಂಗ್ವಿನ್ ಜಾತಿಗಳಲ್ಲೆಲ್ಲ ಅತಿ ಚಿಕ್ಕದಾದ, ಸುಮಾರು 33 ಸೆಂಟಿಮೀಟರ್ ಎತ್ತರದ, 1 ಕಿಲೋ ತೂಕದ ಹಕ್ಕಿಗಳು ಹಗಲೆಲ್ಲ ಸಮುದ್ರದಲ್ಲಿದ್ದು, ಶತ್ರುಗಳಿಗೆ ಅಂಜಿ ಕತ್ತಲಾಗುವವರೆಗೆ ಕಾದು, ಗುಂಪುಗೂಡಿ ದಡವೇರಿ ತಮ್ಮ ಬಿಲಗಳಿಗೆ ನಡೆದುಹೋಗುತ್ತವೆ. ಜನರು ಸಾಲುಮೆಟ್ಟಿಲುಗಳ ಮೇಲೆ ಕುಳಿತು ಆ ನಡಿಗೆಯನ್ನು ನೋಡುತ್ತಾರೆ.

ನೋಟವೇನೋ ಮನೋಹರವಾದುದು. ಆದರೆ ಅದರ ಹಿಂದಿನ ಇತಿಹಾಸವನ್ನು ತಿಳಿಯದೆ ಹಿಂದಿರುಗುವುದು ವಿವೇಕವಲ್ಲ. 1920ರ ದಶಕದಲ್ಲಿ ಟಾರ್ಚ್ ಬೆಳಕಿನಲ್ಲಿ ಈ ಹಕ್ಕಿಗಳನ್ನು ತೋರಿಸುವ ಪದ್ಧತಿ ಆರಂಭವಾಯಿತು. ಕಾಲಕ್ರಮದಲ್ಲಿ ಅವುಗಳ ಬಿಲಗಳಿದ್ದ ನೆಲದಲ್ಲಿಯೇ ರಜೆಯನ್ನು ಕಳೆಯುವವರ ಮನೆಗಳು ಎದ್ದವು, ರಸ್ತೆಗಳು ಬಂದವು, ವಾಹನಗಳೂ ಸಾಕುನಾಯಿಗಳೂ ಬಂದವು. ದ್ವೀಪದಲ್ಲಿ ಹಿಂದೆ ಹತ್ತು ಕಡೆ ಇದ್ದ ಪೆಂಗ್ವಿನ್ ನೆಲೆಗಳಲ್ಲಿ ಕೊನೆಗೆ ಉಳಿದುದು ಒಂದೇ ಒಂದು. ಏನೂ ಮಾಡದಿದ್ದರೆ ಅದೂ 1990ರ ದಶಕ ಮುಗಿಯುವುದರೊಳಗೆ ಅಳಿಯುವುದೆಂದು ವಿಜ್ಞಾನಿಗಳು ಎಚ್ಚರಿಸಿದರು. ಆಗ, 1985ರಲ್ಲಿ, ವಿಕ್ಟೋರಿಯಾ ರಾಜ್ಯದ ಸರ್ಕಾರವು ಒಂದು ನಿರ್ಧಾರವನ್ನು ಕೈಗೊಂಡಿತು. ಆ ಬಡಾವಣೆಯ ಮನೆ-ನಿವೇಶನಗಳನ್ನೆಲ್ಲ ಹಣ ತೆತ್ತು ಮರಳಿ ಕೊಂಡು, ಕಟ್ಟಡಗಳನ್ನು ತೆಗೆದುಹಾಕಿ, ನೆಲವನ್ನು ಹಕ್ಕಿಗಳಿಗೆ ಒಪ್ಪಿಸುವುದೇ ಆ ನಿರ್ಧಾರ. ಕೆಲಸ ಪೂರ್ಣಗೊಂಡುದು 2010ರಲ್ಲಿ. ಒಂದು ಕಿಲೋ ತೂಕದ ಹಕ್ಕಿಗಾಗಿ ಮನುಷ್ಯರ ಒಂದು ಬಡಾವಣೆಯೇ ಹಿಂದೆ ಸರಿಯಿತು.

ಇಂದು ಅಲ್ಲಿ ಹಕ್ಕಿಗಳ ನಡಿಗೆಯ ಹೊತ್ತಿನಲ್ಲಿ ಛಾಯಾಚಿತ್ರ ತೆಗೆಯುವುದು ನಿಷಿದ್ಧ. ಜನರು ನಡೆಯಲು ನೆಲವನ್ನು ತುಳಿಯದ ಮರದ ಹಾದಿಗಳಿವೆ. ಹೊರಡುವ ಮೊದಲು ವಾಹನದ ಅಡಿಯಲ್ಲಿ ಹಕ್ಕಿ ಕುಳಿತಿದೆಯೇ ಎಂದು ಬಗ್ಗಿ ನೋಡಬೇಕೆಂಬ ಸೂಚನೆಯಿದೆ. ಅದೇ ದ್ವೀಪದಲ್ಲಿ ಗೂಡುಕಟ್ಟುವ ಮತ್ತೊಂದು ಜಾತಿಯ ಕಡಲಹಕ್ಕಿಯ ಮರಿಗಳು ಮೊದಲ ಬಾರಿಗೆ ಹಾರಿಹೋಗುವ ಋತುವಿನಲ್ಲಿ ದ್ವೀಪದ ಸೇತುವೆಯ ದೀಪಗಳನ್ನು ಆರಿಸುತ್ತಾರೆ. ಈರ್ಯಾಸಮಿತಿ ಎಂಬ ಶಬ್ದವನ್ನು ಕೇಳದ ಜನರು ಅದರ ಆಶಯವನ್ನು ಈ ಮಟ್ಟಿಗೆ ಆಚರಣೆಗೆ ತಂದಿದ್ದಾರೆ. ಆ ಶಬ್ದವನ್ನು ಬಾಲ್ಯದಿಂದ ಕೇಳಿಕೊಂಡು ಬಂದವರು ಇದನ್ನು ಕಂಡು ಸಂಕೋಚಪಡಬೇಕಾಗಿದೆ.

ಇಷ್ಟಕ್ಕೇ ನಿಂತರೆ ಅದು ಬರಿಯ ಪ್ರಶಂಸೆಯಾದೀತು. ಆ ದ್ವೀಪದ ಕಥೆಗೆ ಮತ್ತೊಂದು ಮುಖವಿದೆ. ಪೆಂಗ್ವಿನ್‌ಗಳನ್ನು ಹಿಡಿದು ತಿನ್ನುತ್ತಿದ್ದ ನರಿಗಳನ್ನು ವಿಷವಿಕ್ಕಿ, ಬೋನಿಗೆ ಕೆಡವಿ, ಗುಂಡಿಕ್ಕಿ ಕೊಲ್ಲಲಾಯಿತು. ಈ ಕಾರ್ಯ ವರ್ಷಗಟ್ಟಲೆ ನಡೆದು, 2017ರಲ್ಲಿ ದ್ವೀಪವು ನರಿಮುಕ್ತವಾಯಿತೆಂದು ಘೋಷಿಸಲಾಯಿತು. ಅಲ್ಲಿಯ ಸಂರಕ್ಷಣಾ ಕಾರ್ಯಕ್ಕೆ ಪ್ರವಾಸಿಗರ ಹಣವೇ ಮುಖ್ಯ ಆಧಾರ. ಗೂಡಿನ ಪೆಟ್ಟಿಗೆಗೂ ಅದೇ ಹಣ, ನರಿಯ ವಿಷಕ್ಕೂ ಅದೇ ಹಣ.

ಇಲ್ಲಿ ಶ್ರಾವಕನು “ಬರಿದೇ ನೋಡಿದೆನು” ಎನ್ನುವಂತಿಲ್ಲ. ಜೈನಧರ್ಮವು ಹಿಂಸೆಯನ್ನು ಕೈಯಿಂದ ಮಾಡಿದುದಕ್ಕಷ್ಟೇ ಸೀಮಿತಗೊಳಿಸಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳಲ್ಲಿಯೂ ಅದು ಆತ್ಮಕ್ಕೆ ಅಂಟುತ್ತದೆ. ತಾನು ಮಾಡದಿದ್ದರೂ ಮಾಡಿಸಿದವನು, ಮಾಡಿಸದಿದ್ದರೂ ಮೆಚ್ಚಿದವನು ಪಾಲುಗಾರನೇ. ಹಣ ತೆತ್ತು, ಚಪ್ಪಾಳೆ ತಟ್ಟಿ, ಹೇಗೆ ಉಳಿದವೆಂದು ಕೇಳದೆ ಹಿಂದಿರುಗಿದವನಿಗೆ ಈ ಪಾಲು ತಪ್ಪಿದ್ದಲ್ಲ.

“ಒಂದು ನರಿ ಸತ್ತರೆ ನೂರು ಹಕ್ಕಿಗಳು ಉಳಿಯುವುದಿಲ್ಲವೇ?” ಎಂದು ಕೇಳುವವರಿದ್ದಾರೆ. ಇದು ಹೊಸ ಪ್ರಶ್ನೆಯಲ್ಲ. ಹಿಂಸ್ರಪ್ರಾಣಿಯೊಂದನ್ನು ಕೊಂದರೆ ಹಲವು ಜೀವಗಳಿಗೆ ರಕ್ಷಣೆ ದೊರೆಯುವುದೆಂಬ ವಾದವನ್ನು ಅಮೃತಚಂದ್ರಸೂರಿಗಳು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿಯೇ ಎತ್ತಿಕೊಂಡು ನಿರಾಕರಿಸಿದ್ದಾರೆ. ಆಶ್ರಿತರ ರಕ್ಷಣೆಗಾಗಿ ಗೃಹಸ್ಥನಿಗೆ ಅನಿವಾರ್ಯವಾಗುವ ವಿರೋಧೀ ಹಿಂಸೆಯ ಸಾಲಿಗೆ ಇದನ್ನು ಸೇರಿಸಬಾರದೇಕೆ ಎಂದು ಕೆಲವರು ವಾದಿಸಬಹುದು. ಹಾಗೆ ಒಪ್ಪಿದರೂ ಅದು ಹಿಂಸೆಯ ಒಂದು ಭೇದವೇ ಹೊರತು ಅಹಿಂಸೆಯಾಗದು. ಅನಿವಾರ್ಯವೆನ್ನುವ ಮೊದಲು ಬೇರೆ ಉಪಾಯಗಳನ್ನು ಹುಡುಕಿದ್ದಾರೆಯೇ ಎಂದು ಕೇಳಬೇಕು. ಅದೇ ವಿಕ್ಟೋರಿಯಾ ರಾಜ್ಯದ ವಾರ್ನಂಬೂಲ್ ಪಟ್ಟಣದ ಬಳಿ ಮಿಡ್ಲ್ ಐಲೆಂಡ್ ಎಂಬ ಪುಟ್ಟ ದ್ವೀಪವಿದೆ. ನರಿಗಳ ಹಾವಳಿಯಿಂದ 2005ರ ವೇಳೆಗೆ ಅಲ್ಲಿ ಹತ್ತು ಪೆಂಗ್ವಿನ್‌ಗಳೂ ಉಳಿದಿರಲಿಲ್ಲ. 2006ರಲ್ಲಿ, ಕುರಿಮಂದೆ ಕಾಯುವ ಮರೆಮ್ಮಾ ತಳಿಯ ನಾಯಿಗಳನ್ನು ಅಲ್ಲಿ ಕಾವಲಿಗೆ ಬಿಟ್ಟರು. ನಾಯಿಗಳಿದ್ದ ಕಡೆ ನರಿಗಳು ಸುಳಿಯಲಿಲ್ಲ. ಹಕ್ಕಿಗಳ ಸಂಖ್ಯೆ ನೂರನ್ನು ದಾಟಿತು. 2017ರಲ್ಲಿ ಕಡಲು ಮುನಿದು ನಾಯಿಗಳಿಲ್ಲದ ಹೊತ್ತಿನಲ್ಲಿ ನರಿಗಳು ನುಗ್ಗಿ ಬಹಳ ಹಕ್ಕಿಗಳನ್ನು ಕೊಂದುವೆಂಬುದೂ ನಿಜ. ಪುಟ್ಟ ದ್ವೀಪದ ಉಪಾಯ ದೊಡ್ಡ ದ್ವೀಪಕ್ಕೆ ಸಾಲದೆಂಬುದೂ ನಿಜವಿರಬಹುದು. ಆದರೆ ಕೊಲ್ಲದೆ ಕಾಯುವ ಯತ್ನ ಸಾಧ್ಯವೆಂಬುದಕ್ಕೆ ಅದು ಸಾಕ್ಷಿಯಾಗಿದೆ.

ಮೂಲ ಪ್ರಶ್ನೆ ಇನ್ನೂ ಆಳದಲ್ಲಿದೆ. ಆಸ್ಟ್ರೇಲಿಯಾದಲ್ಲಿ ನರಿಯೇ ಇರಲಿಲ್ಲ. 19ನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ ಶ್ರೀಮಂತ ಬ್ರಿಟಿಷರು, ಕುದುರೆಯೇರಿ ಬೇಟೆನಾಯಿಗಳೊಡನೆ ಅಟ್ಟಿ ಆಡುವ ವಿನೋದಕ್ಕಾಗಿ ಅದನ್ನು ತರಿಸಿದರು. ಒಂದು ಪೀಳಿಗೆಯ ಮನರಂಜನೆಗೆ ಹಕ್ಕಿಗಳು ಶತಮಾನದ ಕಾಲ ಪ್ರಾಣ ತೆತ್ತವು. ಕೊನೆಗೆ ನರಿಗಳೂ ಪ್ರಾಣ ತೆತ್ತವು. ಕಡಲತೀರದ ಆ ಮನೆಗಳೂ ಹೊಟ್ಟೆಪಾಡಿಗಾಗಿ ಎದ್ದವಲ್ಲ, ವಿಹಾರಕ್ಕಾಗಿ ಎದ್ದವು. ಪ್ರಯೋಜನವಿಲ್ಲದ ಇಂಥ ಹಿಂಸೆಯನ್ನೇ ಆಚಾರ್ಯರು ಅನರ್ಥದಂಡವೆಂದು ಕರೆದು, ಅದರಿಂದ ವಿರತನಾಗುವುದನ್ನು ಗುಣವ್ರತಗಳಲ್ಲಿ ಒಂದನ್ನಾಗಿ ಇರಿಸಿದರು. ಹೊಟ್ಟೆಗಾಗಿ ಮಾಡಿದ ಹಿಂಸೆಗೆ ಒಂದು ಮಿತಿಯಿರುತ್ತದೆ. ವಿನೋದಕ್ಕಾಗಿ ಮಾಡಿದ ಹಿಂಸೆಗೆ ಮಿತಿಯೇ ಇಲ್ಲ.

“ಹಾಗಾದರೆ ಮನೆಯಲ್ಲಿಯೇ ಕುಳಿತರಾಯಿತು” ಎನ್ನುವವರ ಮಾತೂ ಪೂರ್ಣ ಸತ್ಯವಲ್ಲ. ಮನೆಯಲ್ಲಿದ್ದ ಮಾತ್ರಕ್ಕೆ ಪ್ರಮಾದವು ಮನೆಯ ಹೊರಗೆ ಉಳಿಯುವುದಿಲ್ಲ. ಕಾರ್ಕಳ, ಮೂಡುಬಿದಿರೆ, ವರಂಗಗಳ ಯಾತ್ರೆಗೆ ಹೊರಟ ಬಸ್ಸುಗಳಲ್ಲಿ ಬಹಳಷ್ಟು ಸಂಜೆ ಕಡಲತೀರಕ್ಕೂ ಹೋಗುತ್ತವೆ. ಕನ್ನಡನಾಡಿನ ಕರಾವಳಿಯ ಮರಳಿನಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ರಾತ್ರಿ ಹೊರಬರುವ ಮರಿಗಳು ಸಮುದ್ರದ ಮೇಲಿನ ತಿಳಿಬೆಳಕನ್ನು ನೋಡಿ ದಾರಿ ಹಿಡಿಯುತ್ತವೆ. ದಡದಲ್ಲಿ ವಿದ್ಯುದ್ದೀಪ ಉರಿಯುತ್ತಿದ್ದರೆ ಅವು ನೀರಿಗೆ ಬೆನ್ನು ಮಾಡಿ ಆ ದೀಪದ ಕಡೆಗೆ ತೆವಳಿ ಸಾಯುತ್ತವೆ. ದೀಪಕ್ಕೆ ಮುತ್ತುವ ಕೀಟಗಳ ಪ್ರಾಣವನ್ನು ನೆನೆದು ರಾತ್ರಿಭೋಜನವನ್ನು ಬಿಟ್ಟ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಾಲ್ಫಿನ್‌ಗಳನ್ನು ತೋರಿಸಲು ದೋಣಿಯವನು ಅವುಗಳ ಬೆನ್ನಟ್ಟಿದರೆ, “ಇನ್ನೂ ಹತ್ತಿರಕ್ಕೆ” ಎಂದು ಕೂಗುವ ಕಂಠಗಳಲ್ಲಿ ಶ್ರಾವಕರ ಕಂಠವೂ ಇದ್ದರೆ ಅದು ಕಾರಿತವಲ್ಲದೆ ಮತ್ತೇನು?

ಬಸದಿಗಳ ಆಡಳಿತ ಮಂಡಳಿಗಳ ಹೊಣೆ ಇಲ್ಲಿ ದೊಡ್ಡದು. ಯಾತ್ರೆಯ ಕರಪತ್ರದಲ್ಲಿ ಶುದ್ಧ ಆಹಾರದ ಭರವಸೆಯನ್ನು ಅಚ್ಚು ಹಾಕಿಸುವವರು, ಜೀವಿಗಳ ಬಳಿಗೆ ಹೇಗೆ ಹೋಗಲಾಗುವುದೆಂಬುದನ್ನೂ ಅಚ್ಚು ಹಾಕಿಸಲಿ. ಪ್ರಾಣಿಯನ್ನು ಬೆನ್ನಟ್ಟುವ ದೋಣಿಗೆ ಹಣ ಕೊಡಲಾಗದೆಂದು ಮೊದಲೇ ತಿಳಿಸಲಿ. ಕಡಲತೀರದ ಕಾರ್ಯಕ್ರಮವನ್ನು ಸೂರ್ಯಾಸ್ತಕ್ಕೇ ಮುಗಿಸಲಿ. ಬೆಟ್ಟದ ಮೇಲಿನ ಬಸದಿಗಳಲ್ಲಿ ಧ್ವನಿವರ್ಧಕವನ್ನೂ ರಾತ್ರಿಯಿಡೀ ಉರಿಯುವ ದೀಪಗಳನ್ನೂ ಅವಶ್ಯಕತೆಗೆ ಮಿತಗೊಳಿಸಲಿ. ಒಂದು ಸರ್ಕಾರವು 25 ವರ್ಷಗಳ ಕಾಲ ಮನೆಗಳನ್ನು ಕೊಂಡು ನೆಲವನ್ನು ತೆರವು ಮಾಡಿತು. ಒಂದು ಆಡಳಿತ ಮಂಡಳಿಯು ಯಾತ್ರಿನಿವಾಸದ ಒಂದು ಅಂತಸ್ತನ್ನಾದರೂ ಬೆಟ್ಟದ ಜೀವಿಗಳಿಗಾಗಿ ಕೈಬಿಡಬಾರದೇ?

ವಿದೇಶಕ್ಕೆ ಹೋಗುವ ಕುಟುಂಬಗಳು ಹೋಗಲಿ, ನೋಡಲಿ. ಆದರೆ ಟಿಕೆಟ್ ಕೊಳ್ಳುವ ಮೊದಲು, ಈ ಜೀವಿಗಳನ್ನು ಉಳಿಸಲು ಯಾವ ಜೀವಿಗಳನ್ನು ಕೊಲ್ಲುತ್ತಿದ್ದಾರೆ, ಕೊಲ್ಲದ ಉಪಾಯವನ್ನು ಯತ್ನಿಸಿದ್ದಾರೆಯೇ ಎಂದು ಕೇಳಲಿ. ಉತ್ತರ ಒಪ್ಪಿಗೆಯಾಗದಿದ್ದರೆ ಲಿಖಿತವಾಗಿ ತಿಳಿಸಲಿ. ಊಟದ ತಟ್ಟೆಯ ವಿಷಯದಲ್ಲಿ ಇಂಥ ಪ್ರಶ್ನೆ ಕೇಳಲು ಜೈನರು ಎಂದೂ ನಾಚಿದವರಲ್ಲ. ಆ ಧೈರ್ಯವು ಕಣ್ಣಿನ ವಿಷಯದಲ್ಲಿಯೂ ಬರಬೇಕು. ನಾಲಗೆಗೆ ವ್ರತವಿದ್ದು ನೋಟಕ್ಕೆ ವ್ರತವಿಲ್ಲವಾದರೆ ಅಹಿಂಸಾಣುವ್ರತವು ಅರ್ಧ ಮಾತ್ರ ಪಾಲನೆಯಾದಂತೆ.