ಹೊತ್ತಗೆಯ ಪಕ್ಕದಲ್ಲೊಂದು ನೋಟುಪುಸ್ತಕ



ದೊಡ್ಡ ಗ್ರಂಥವೊಂದನ್ನು ಓದಿ ಮುಗಿಸಿದ ಸಂತೋಷ ಎಷ್ಟು ದಿನ ಉಳಿದೀತು? ತಿಂಗಳೊಪ್ಪತ್ತಿನಲ್ಲಿ ಕಥೆಯ ಎಳೆ ಸಡಿಲಾಗುತ್ತದೆ; ವರುಷ ಕಳೆಯುವಷ್ಟರಲ್ಲಿ ಗ್ರಂಥದ ಹೆಸರು ಮಾತ್ರ ನಾಲಗೆಯ ಮೇಲೆ ನಿಲ್ಲುತ್ತದೆ. ಓದಿದೆವೆಂಬ ಅಭಿಮಾನ ಉಳಿದು ಓದಿದ್ದು ಹೋಗಿರುತ್ತದೆ. ನಾವೂ ಬಹುಕಾಲ ಹೀಗೆಯೇ ಓದಿದವರು. ಈ ದೋಷವನ್ನು ತಿದ್ದಿದವಳು ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಓದುತ್ತಿರುವ ನಮ್ಮ ಮೊಮ್ಮಗಳು. ಆಕೆಗೆ ಹೋಮರನ ‘ಒಡಿಸ್ಸಿ’ ಪಠ್ಯವಾಗಿತ್ತು. ಒಂದೊಂದು ಸಂಧಿಯನ್ನು ಓದಿದ ದಿನವೇ ಅದರ ಬಗ್ಗೆ ತಮ್ಮ ಅನಿಸಿಕೆಯನ್ನು ಒಂದು ಪುಟ ಬರೆದಿಡಬೇಕೆಂದು ಅಧ್ಯಾಪಕರು ಹೇಳಿದ್ದರಂತೆ. “ಅಜ್ಜಾ, ನೀವೂ ಓದ್ರಿ, ನೀವೂ ಬರೀರಿ. ಕಡೀಗೆ ಇಬ್ಬರ ಪುಸ್ತಕಾನೂ ಕೂಡಿಸಿ ನೋಡೋಣು” ಎಂದಳು. ಒಪ್ಪಿದೆವು.

‘ಒಡಿಸ್ಸಿ’ಯಲ್ಲಿ 24 ಸಂಧಿಗಳು, ಸುಮಾರು 12,000 ಸಾಲುಗಳು. ಹತ್ತು ವರ್ಷಗಳ ಟ್ರಾಯ್ ಯುದ್ಧ ಮುಗಿದ ಮೇಲೆ ಮತ್ತೆ ಹತ್ತು ವರ್ಷ ಕಡಲಿನಲ್ಲಿಯೂ ಪರದ್ವೀಪಗಳಲ್ಲಿಯೂ ಅಲೆದು, ಒಡಿಸ್ಯೂಸನು ತನ್ನ ಇಥಾಕಾ ದ್ವೀಪಕ್ಕೆ ಮರಳುವ ಕಥೆ ಅದು. ಅತ್ತ ಮನೆಯಲ್ಲಿ ಮಡದಿ ಪೆನೆಲೊಪಿಯ ಕೈಹಿಡಿಯಲು 108 ಮಂದಿ ಬಂದು ಕುಳಿತು, ಅವನ ದನಕರುಗಳನ್ನು ಕೊಯ್ದು ತಿನ್ನುತ್ತಿದ್ದಾರೆ. ಇದು ಯುದ್ಧದ ಕಾವ್ಯವೆನ್ನುವುದಕ್ಕಿಂತ ಮನೆಯ ಕಾವ್ಯವೆಂದೇ ನಮಗೆ ತೋರಿತು.

ಇನ್ನೂರು ಪುಟದ ನೋಟುಪುಸ್ತಕವೊಂದನ್ನು ತಂದೆವು. ಬಲಪುಟದಲ್ಲಿ ದಿನಾಂಕ ಹಾಕಿ ಮೂರು ವಿಷಯ ಬರೆಯುವುದು: ಏನು ನಡೆಯಿತು, ಎಲ್ಲಿ ನಮ್ಮ ಮನಸ್ಸು ತಡೆದು ನಿಂತಿತು, ಯಾವ ಪ್ರಶ್ನೆ ಉಳಿಯಿತು. ಎಡಪುಟವನ್ನು ಮುಂದಿನ ಯೋಚನೆಗೆಂದು ಖಾಲಿ ಬಿಡುವುದು. ಬರೆಯುವ ಮೊದಲು ಯಾವ ಗೈಡನ್ನೂ ನೋಡಬಾರದು, ಬರೆದುದನ್ನು ಅಳಿಸಬಾರದು ಎಂಬ ಎರಡು ಕಟ್ಟಳೆಗಳನ್ನು ಮೊಮ್ಮಗಳು ವಿಧಿಸಿದಳು. ಎರಡನೆಯದು ಎಷ್ಟು ಕಠಿಣವೆಂಬುದು ಮುಂದೆ ತಿಳಿಯಿತು.

ಓದುತ್ತ ಬರೆದಿಡುವ ಈ ಪದ್ಧತಿ ಇಂದು ನಿನ್ನೆಯದಲ್ಲ. ಹೋಮರನ ಕಾವ್ಯಗಳ ಮಟ್ಟಿಗಂತೂ ಅದಕ್ಕೆ ಎರಡು ಸಾವಿರ ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಪ್ರಸಿದ್ಧ ಗ್ರಂಥಾಲಯದಲ್ಲಿದ್ದ ಜೆನೊಡೋಟಸ್ ಎಂಬ ವಿದ್ವಾಂಸನು ಹೋಮರನ ಪ್ರತಿಗಳನ್ನು ಪರಿಶೀಲಿಸುವಾಗ, ಇದು ಮೂಲ ಕವಿಯದಲ್ಲವೇನೋ ಎಂಬ ಅನುಮಾನ ಬಂದ ಸಾಲಿನ ಪಕ್ಕದಲ್ಲಿ ಒಂದು ಚಿಕ್ಕ ಅಡ್ಡಗೆರೆ ಎಳೆಯುತ್ತಿದ್ದನು. ಗೆರೆ ಬಿದ್ದ ಸಾಲು ಅಲ್ಲಿಯೇ ಉಳಿಯುತ್ತಿತ್ತು. ಓದುಗನ ಅನುಮಾನವೂ ಅದರ ಜೊತೆಗೆ ಉಳಿಯುತ್ತಿತ್ತು. ಮುಂದಿನ ಶತಮಾನದಲ್ಲಿ ಅರಿಸ್ಟಾರ್ಕಸ್ ಎಂಬ ಪಂಡಿತನು ಇಂತಹ ಗುರುತುಗಳನ್ನು ಇನ್ನೂ ಬೆಳೆಸಿದನು. ಇಟಲಿಯ ವೆನಿಸ್ ನಗರದ ಗ್ರಂಥಾಲಯದಲ್ಲಿ ಹೋಮರನ ಇನ್ನೊಂದು ಕಾವ್ಯವಾದ ‘ಇಲಿಯಡ್’ನ 10ನೆಯ ಶತಮಾನದ ಹಸ್ತಪ್ರತಿಯೊಂದಿದೆ. ಅದರ ಹಾಳೆಗಳ ನಡುವೆ ಕಾವ್ಯ. ಸುತ್ತಲಿನ ಅಂಚುಗಳಲ್ಲಿ ಹಿಂದಿನ ಪಂಡಿತರ ಟಿಪ್ಪಣಿಗಳು ಕಿಕ್ಕಿರಿದಿವೆ. 1788ರಲ್ಲಿ ಫ್ರಾನ್ಸಿನ ವಿದ್ವಾಂಸ ವಿಲ್ವಾಸೋನ್ ಅವುಗಳನ್ನು ಅಚ್ಚು ಹಾಕಿಸಿದ ಮೇಲೆ, ಅಲೆಕ್ಸಾಂಡ್ರಿಯಾದವರು ಹೇಗೆ ಓದಿದರೆಂಬುದು ಜಗತ್ತಿಗೆ ಹೆಚ್ಚು ತಿಳಿಯಿತು. ಅಂಚಿನಲ್ಲಿ ಬರೆದ ಮಾತಿಗೂ ಆಯುಷ್ಯವುಂಟು!

ಇನ್ನು ನಮ್ಮ ಬರವಣಿಗೆಯ ಕಥೆ. ಮೊದಲನೆಯ ಸಂಧಿಯಲ್ಲಿ ಮಗ ಟೆಲಿಮ್ಯಾಕಸನು ತಾಯಿ ಪೆನೆಲೊಪಿಗೆ, ಸಭೆಯ ಮಾತು ಗಂಡಸರದು, ನೀನು ಒಳಗೆ ಹೋಗಿ ಮಗ್ಗ ನೋಡಿಕೋ ಎನ್ನುತ್ತಾನೆ. “ಹುಡುಗ ಬೆಳೆದು ಯಜಮಾನನಾಗುತ್ತಿದ್ದಾನೆ” ಎಂದು ಬರೆದೆವು. ಮೊಮ್ಮಗಳ ಪುಸ್ತಕದಲ್ಲಿದ್ದುದು ಬೇರೆ: “ತಾಯಿ ಬೆರಗಾಗಿ ಮೆಟ್ಟಿಲು ಹತ್ತಿ ಹೋದಳು, ನಿದ್ದೆ ಬರುವ ತನಕ ಅತ್ತಳು. ಮಗ ಬೆಳೆಯಲು ತಾಯಿ ಕುಗ್ಗಲೇಬೇಕೆ?” ಆಕೆ ಅತ್ತದ್ದನ್ನು ನಾವೂ ಓದಿದ್ದೆವು; ಆದರೆ ಕಂಡಿರಲಿಲ್ಲ.

ಎಂಟನೆಯ ಸಂಧಿಯಲ್ಲಿ ಗಾಯಕನು ಟ್ರಾಯ್ ಪತನವನ್ನು ಹಾಡುವಾಗ ಒಡಿಸ್ಯೂಸನು ಕಣ್ಣೀರು ಸುರಿಸುತ್ತಾನೆ. ಊರನ್ನು ಕಾಯುತ್ತ ಮಡಿದ ಗಂಡನ ದೇಹವನ್ನು ಅಪ್ಪಿ ಗೋಳಿಡುತ್ತಿರುವ, ಬೆನ್ನಿಗೆ ಈಟಿ ತಿವಿದು ಶತ್ರುಗಳು ಸೆರೆಗೆ ಎಳೆದೊಯ್ಯುತ್ತಿರುವ ಹೆಂಗಸಿನಂತೆ ಅವನು ಅತ್ತನೆಂದು ಕವಿ ಹೋಲಿಸುತ್ತಾನೆ. ಊರನ್ನು ಸುಟ್ಟವನ ಅಳುವಿಗೆ ಊರು ಸುಟ್ಟುಹೋದವಳ ಅಳುವಿನ ಹೋಲಿಕೆ! ಅಂದು ಒಂದು ಪುಟ ಸಾಲದೆ ಮೂರು ಪುಟ ಬರೆದೆವು.

ಹನ್ನೊಂದನೆಯ ಸಂಧಿಯಲ್ಲಿ ಸತ್ತವರ ಲೋಕಕ್ಕೆ ಹೋದ ಒಡಿಸ್ಯೂಸನು ಹಳೆಯ ಒಡನಾಡಿ ಏಜಾಕ್ಸನನ್ನು ಸಮಾಧಾನದ ಮಾತಿನಿಂದ ಕರೆಯುತ್ತಾನೆ. ಬದುಕಿದ್ದಾಗ ತನಗಾದ ಅವಮಾನವನ್ನು ಮರೆಯದ ಏಜಾಕ್ಸನು ಒಂದೂ ಮಾತಾಡದೆ ಕತ್ತಲೆಗೆ ಸರಿದುಹೋಗುತ್ತಾನೆ. ಈ ಏಜಾಕ್ಸ್ ಕನ್ನಡಿಗರಿಗೆ ಅಪರಿಚಿತನಲ್ಲ. ಸೊಫೊಕ್ಲಿಸನು ಅವನನ್ನು ಕುರಿತು ಬರೆದ ನಾಟಕವನ್ನೇ ಆಧರಿಸಿ ಬಿ.ಎಂ.ಶ್ರೀಯವರು ‘ಅಶ್ವತ್ಥಾಮನ್’ ರಚಿಸಿದ್ದಾರೆ. “ಕ್ಷಮೆ ಕೇಳಲು ತಡಮಾಡಿದವನಿಗೆ ಮೌನವೇ ಉತ್ತರ” ಎಂದು ಅಂದು ಬರೆದೆವು. ಆ ಮಾತು ನಮ್ಮ ಕಡೆಗೇ ತಿರುಗೀತೆಂದು ಆಗ ಎಣಿಸಿರಲಿಲ್ಲ.

ಇಪ್ಪತ್ತೆರಡನೆಯ ಸಂಧಿ ಬಂದಿತು. ಒಡಿಸ್ಯೂಸನು ಮನೆ ಹೊಕ್ಕವರನ್ನೆಲ್ಲ ಕೊಂದು ಹಾಕುತ್ತಾನೆ. ಆ ಬಳಿಕ ಮನೆಯ 50 ದಾಸಿಯರಲ್ಲಿ ಆ ಗಂಡಸರೊಡನೆ ಮಲಗಿದರೆಂದು 12 ಮಂದಿಯನ್ನು ಕರೆಸಿ, ಹೆಣ ಹೊರಿಸಿ, ರಕ್ತ ತೊಳೆಸಿ, ಅಂಗಳಕ್ಕೆ ಒಯ್ದು ಹಡಗಿನ ಹಗ್ಗದಿಂದ ಸಾಲಾಗಿ ನೇಣು ಹಾಕುತ್ತಾರೆ. ಬಲೆಗೆ ಸಿಕ್ಕ ಹಕ್ಕಿಗಳಂತೆ ಅವರ ಕಾಲುಗಳು ಸ್ವಲ್ಪ ಹೊತ್ತು ಒದ್ದಾಡಿ ನಿಂತವೆನ್ನುತ್ತಾನೆ ಕವಿ. ನಾವು ಅಂದು ಬರೆದ ಸಾಲು ಇಷ್ಟೇ: “ಮನೆ ಶುದ್ಧವಾಯಿತು, ನ್ಯಾಯ ದೊರೆಯಿತು.”

ಕಡೆಗೆ ಪುಸ್ತಕಗಳನ್ನು ಕೂಡಿಸಿ ನೋಡುವ ದಿನ ಮೊಮ್ಮಗಳು ಈ ಸಾಲಿನ ಮೇಲೆ ಬೆರಳಿಟ್ಟಳು. “ಅಜ್ಜಾ, ಇವರು ಕೊಂಡು ತಂದ ಹೆಣ್ಣುಮಕ್ಕಳು. ಒಲ್ಲೆ ಅನ್ನೋ ಹಕ್ಕು ಇವರಿಗೆ ಎಲ್ಲಿತ್ತು? ಇವರನ್ನ ಯಾರಾದರೂ ಒಂದು ಮಾತು ಕೇಳಿದರೇನು?” ನಾವು ವಾದಿಸಿದೆವು. ಆಕೆ ಅದೇ ಸಂಧಿಯ ಆರಂಭವನ್ನು ತೆರೆದು ತೋರಿಸಿದಳು. ಅಲ್ಲಿ ಒಡಿಸ್ಯೂಸನೇ ತನ್ನ ಬಾಯಿಂದ, ನನ್ನ ಮನೆಯ ದಾಸಿಯರನ್ನು ಬಲಾತ್ಕಾರದಿಂದ ಕೂಡಿದಿರಿ ಎಂದು ಆ ಗಂಡಸರ ಮೇಲೆ ಅಪರಾಧ ಹೊರಿಸಿದ್ದಾನೆ. ಬಲಾತ್ಕಾರಕ್ಕೆ ಒಳಗಾದವರಿಗೆ ನೇಣು! ‘ಒಡಿಸ್ಸಿ’ಯನ್ನು 2017ರಲ್ಲಿ ಇಂಗ್ಲಿಷಿಗೆ ತಂದ ಎಮಿಲಿ ವಿಲ್ಸನ್ ಎಂಬ ವಿದುಷಿಯು, ಹಿಂದಿನ ಕೆಲವು ಅನುವಾದಕರು ಮೂಲದಲ್ಲಿಲ್ಲದ ಹೊಲಸು ಬೈಗುಳವನ್ನು ಈ ದಾಸಿಯರಿಗೆ ಅಂಟಿಸಿದ್ದಾರೆಂದು ತೋರಿಸಿದ್ದಾರೆ. ಗ್ರೀಕ್ ಬಲ್ಲವರೇ ಹಾಗೆ ಮಾಡಿದ ಮೇಲೆ ನಮ್ಮದೇನು ಹೆಚ್ಚೆಂದು ಸಮಾಧಾನ ತಂದುಕೊಳ್ಳಬಹುದಿತ್ತು. ಆಗಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಎಷ್ಟೋ ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಬೆಳ್ಳಿಯ ಲೋಟವೊಂದು ಕಾಣದಾಯಿತು. ಮುಸುರೆ ತಿಕ್ಕಲು ಬರುತ್ತಿದ್ದ ಹೆಣ್ಣುಮಗಳನ್ನು ಒಂದು ಮಾತೂ ಕೇಳದೆ ನಾಳೆಯಿಂದ ಬರಬೇಡವೆಂದೆವು. ಆಕೆ ಏನೂ ಅನ್ನದೆ ಸೆರಗು ಹೊದ್ದು ಹೋದಳು. ಆರು ತಿಂಗಳ ಮೇಲೆ ಲೋಟ ಹಳೆಯ ಟ್ರಂಕಿನ ಬಟ್ಟೆಗಳ ನಡುವೆ ಸಿಕ್ಕಿತು. ಅಷ್ಟರಲ್ಲಿ ಆಕೆಯ ಸಂಸಾರ ಬೇರೆ ಊರಿಗೆ ಹೋಗಿತ್ತು. ಹುಡುಕಬಹುದಿತ್ತು; ಹುಡುಕಲಿಲ್ಲ. ‘ಮನೆ ಶುದ್ಧವಾಯಿತು’ ಎಂಬ ಮಾತು ಹೋಮರನಲ್ಲಿ ಓದಿ ಹುಟ್ಟಿದ್ದಲ್ಲ, ನಮ್ಮೊಳಗೆ ಮೊದಲೇ ಇತ್ತು ಎಂಬುದು ಅಂದು ಅರಿವಾಯಿತು.

ಬೆಳಿಗ್ಗೆ ಆ ಸಾಲನ್ನು ಅಳಿಸಿಬಿಡಬೇಕೆಂಬ ಆಸೆ ಬಲವಾಯಿತು. ಕಟ್ಟಳೆ ನೆನಪಾಗಿ ಅಳಿಸಲಿಲ್ಲ. ಜೆನೊಡೋಟಸನಂತೆ ಅದರ ಪಕ್ಕದಲ್ಲಿ ಒಂದು ಅಡ್ಡಗೆರೆ ಎಳೆದು, ಖಾಲಿ ಬಿಟ್ಟಿದ್ದ ಎಡಪುಟದಲ್ಲಿ ಲೋಟದ ಸಂಗತಿಯನ್ನೆಲ್ಲ ಬರೆದೆವು. ಮನೆಯವರಿಗೆ ಓದಿ ಹೇಳಿದೆವು. ಆ ಹೆಣ್ಣುಮಗಳು ಈಗ ಇರುವ ಊರನ್ನು ಪರಿಚಿತರಿಂದ ವಿಚಾರಿಸುತ್ತಿದ್ದೇವೆ. ಸಿಕ್ಕರೆ ಏನೆನ್ನುವಳೋ! ಏಜಾಕ್ಸನಂತೆ ಮುಖ ತಿರುಗಿಸಿದರೂ ಅದು ಆಕೆಯ ಹಕ್ಕು.

ವಾಚಕ ಬಂಧುಗಳೇ, ಓದುವುದೆಂದರೆ ಗ್ರಂಥವನ್ನು ನಾವು ಪರೀಕ್ಷಿಸುವುದು ಮಾತ್ರವಲ್ಲ, ಗ್ರಂಥವು ನಮ್ಮನ್ನು ಪರೀಕ್ಷಿಸುವುದೂ ಹೌದು. ಬರೆದಿಡದಿದ್ದರೆ ಆ ಪರೀಕ್ಷೆಯ ಉತ್ತರಪತ್ರಿಕೆಯೇ ಇರುವುದಿಲ್ಲ. ನಾವು ಮೊದಲಿನಿಂದಲೂ ಸರಿಯಾಗಿಯೇ ಯೋಚಿಸಿದ್ದೆವೆಂದು ಮನಸ್ಸು ಸುಳ್ಳು ಹೇಳುತ್ತದೆ. ನಿಮ್ಮ ಮನೆಯಲ್ಲಿಯೂ ಹಿರಿಯರೊಬ್ಬರು, ಕಿರಿಯರೊಬ್ಬರು ಒಂದೇ ಗ್ರಂಥವನ್ನು ಹಿಡಿಯಿರಿ. ಬೇರೆ ಬೇರೆ ಬರೆಯಿರಿ. ಮುಗಿದ ಮೇಲೆ ಒಂದೇ ಕಡೆ ಕುಳಿತು ಓದಿರಿ. ಮಕ್ಕಳ ಬರಹದಲ್ಲಿ ಕಾಗುಣಿತದ ತಪ್ಪು ಹುಡುಕಬೇಡಿರಿ. ಅವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿರಿ. ಎಡಪುಟವನ್ನು ಮಾತ್ರ ಮರೆಯದೆ ಖಾಲಿ ಬಿಡಿರಿ. ಇಂದು ಬರೆದುದನ್ನು ನಾಳೆ ತಿದ್ದಿಕೊಳ್ಳುವ ಜಾಗ ಅದು.