ಆ ಕುರ್ಚಿಯಲ್ಲಿ ಮೊದಲು ಯಾರಿದ್ದರು?

ಧರ್ಮಕೇಂದ್ರದ ಕಚೇರಿಯಲ್ಲಿ ಪೂಜೆಯ ಕೋರಿಕೆಗಳನ್ನು ಬರೆದಿಡುವ ಒಂದು ಪುಸ್ತಕವಿರುತ್ತದೆ. ಮೃತರ ಆತ್ಮಶಾಂತಿ, ಕಾಯಿಲೆಯವರ ಆರೋಗ್ಯ, ಮಕ್ಕಳ ಪರೀಕ್ಷೆ, ಮಳೆ, ಬೆಳೆ ಇವೆಲ್ಲವೂ ಅದರಲ್ಲಿ ಹಿಂದಿನಿಂದಲೂ ಇದ್ದವು. ಕಳೆದ ಕಾಲು ಶತಮಾನದಲ್ಲಿ ಹೊಸದೊಂದು ಸೇರಿಕೊಂಡಿದೆ: ಮಗನ ಅಮೆರಿಕ ವೀಸಾ. ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಬಂದು, "ಸ್ವಾಮಿ, ಲಾಟರಿಯಲ್ಲಿ ನನ್ನ ಮಗನ ಹೆಸರು ಬಂತು. ಕೃತಜ್ಞತೆಗೆ ಒಂದು ಪೂಜೆ ಬರೆದುಕೊಳ್ಳಿ" ಎಂದರು. ಸಂತೋಷದಿಂದಲೇ ಬರೆದುಕೊಂಡೆ. ಅವರು ಹೋದ ಮೇಲೆ ಒಂದು ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಈ ಹುಡುಗ ಹೋಗಿ ಕೂರಲಿರುವ ಕುರ್ಚಿಯಲ್ಲಿ ಮೊದಲು ಯಾರಿದ್ದರು? ಅವರ ತಾಯಿ ಯಾವ ದೇವಾಲಯದಲ್ಲಿ ಯಾವ ಕೋರಿಕೆ ಬರೆಸಿರಬಹುದು?

ನಮ್ಮ ಮನೆಗಳಿಗೆ ಇದು ಹಿತವಾದ ಪ್ರಶ್ನೆಯಲ್ಲ. ಆದರೂ ಕೇಳಲೇಬೇಕಾಗಿದೆ.

ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೊದಲ್ಲಿ ಡಿಸ್ನಿ ಸಂಸ್ಥೆಯು 2014ರ ಅಕ್ಟೋಬರ್‌ನಲ್ಲಿ ತನ್ನ ಸುಮಾರು 250 ಮಂದಿ ಕಂಪ್ಯೂಟರ್ ನೌಕರರಿಗೆ ಕೆಲಸ ಹೋಗಲಿದೆಯೆಂದು ತಿಳಿಸಿತು. ಅವರ ಹುದ್ದೆಗಳಲ್ಲಿ ಅನೇಕವು ಭಾರತದ ಹೊರಗುತ್ತಿಗೆ ಕಂಪನಿಯೊಂದು ತಾತ್ಕಾಲಿಕ ವೀಸಾದ ಮೇಲೆ ಕರೆತಂದವರ ಪಾಲಾದವು. ಹೊರಹೋಗುವವರಲ್ಲಿ ಹಲವರು ತಮ್ಮ ಸ್ಥಾನಕ್ಕೆ ಬಂದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿಕೊಡಬೇಕಾಯಿತು. 2015ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ವಿದ್ಯುತ್ ಕಂಪನಿಯೊಂದರಲ್ಲಿ ನೂರಾರು ಮಂದಿಗೆ ಇದೇ ಗತಿಯಾಯಿತು. 2017ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಘಟಕವು 49 ಖಾಯಂ ನೌಕರರನ್ನು ಕಳುಹಿಸಿ ಆ ಕೆಲಸವನ್ನು ಭಾರತೀಯ ಕಂಪನಿಗೆ ಒಪ್ಪಿಸಿತು. ಯುವಜನರಿಗೆ ಕಂಪ್ಯೂಟರ್ ವಿದ್ಯೆ ಕಲಿಸಿ ಪದವಿ ಕೊಡುವ ಸಾರ್ವಜನಿಕ ವಿಶ್ವವಿದ್ಯಾಲಯವೇ, ಆ ವಿದ್ಯೆ ಕಲಿತವರು ತನಗೆ ದುಬಾರಿ ಎಂದಿತು.

ಕಂಪನಿಗಳು ಕೊಡುವ ಸಮರ್ಥನೆ ಒಂದೇ: ಸ್ಥಳೀಯರಲ್ಲಿ ಪ್ರತಿಭೆಯಿಲ್ಲ, ಜನ ಸಿಗುತ್ತಿಲ್ಲ. ಹಾಗಾದರೆ ಬಂದವರಿಗೆ ಕಲಿಸಿದವರು ಯಾರು? ಗುರುವಿಗೆ ವಿದ್ಯೆಯಿಲ್ಲವೆಂದು ಶಿಷ್ಯನನ್ನು ಕರೆತಂದೆವು ಎಂಬ ಮಾತನ್ನು ಯಾರು ನಂಬುತ್ತಾರೆ? ಅಲ್ಲಿ ಇದ್ದದ್ದು ಪ್ರತಿಭೆಯ ಕೊರತೆಯಲ್ಲ, ಅಗ್ಗದ ಸಂಬಳಕ್ಕೆ ಒಪ್ಪುವವರ ಕೊರತೆ.

ಡಿಸ್ನಿಯ ನೌಕರರು ಹೂಡಿದ ದಾವೆಗಳನ್ನು ಫ್ಲಾರಿಡಾದ ನ್ಯಾಯಾಲಯ 2016ರಲ್ಲಿ ವಜಾ ಮಾಡಿತು. ಈ ಅನ್ಯಾಯದ ಬೇರು ಕಾನೂನಿನಲ್ಲಿಯೇ ಇದೆ. ಎಚ್-1ಬಿ ವೀಸಾ ರೂಪುಗೊಂಡದ್ದು 1990ರ ವಲಸೆ ಕಾಯಿದೆಯಿಂದ. ವರ್ಷಕ್ಕೆ 65,000, ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000 ಎಂದು ಮಿತಿಯಿದೆ. ಬಂದವರಿಗೆ ಆ ಪ್ರದೇಶದಲ್ಲಿ ರೂಢಿಯಲ್ಲಿರುವ ವೇತನ ಕೊಡಬೇಕೆಂಬ ನಿಯಮವೂ ಇದೆ. ಆದರೆ ಎರಡು ದಶಕಗಳ ಕಾಲ ನಡೆದುಬಂದ ಲೆಕ್ಕ ಎಂಥದು ನೋಡಿ. ಒಂದೇ ಬಗೆಯ ಕೆಲಸ ಮಾಡುವ 100 ಮಂದಿಯನ್ನು ಸಂಬಳದ ಏರಿಕೆಯ ಕ್ರಮದಲ್ಲಿ ನಿಲ್ಲಿಸಿದರೆ, ಕೆಳಗಿನಿಂದ 17ನೆಯವನಿಗೆ ಸಿಗುವಷ್ಟು ಕೊಟ್ಟರೂ ಮೊದಲ ಹಂತದ ನೌಕರನ ವಿಷಯದಲ್ಲಿ ಕಾನೂನು ತೃಪ್ತಿಪಡುತ್ತಿತ್ತು. ಮೊದಲ ಹಂತವೆಂದರೆ ಯಾವುದು? ಕಾಲೇಜಿನಿಂದ ಆಗತಾನೇ ಹೊರಬಂದ ಸ್ಥಳೀಯ ಪದವೀಧರ, ಶಿಕ್ಷಣ ಸಾಲದ ಹೊರೆ ಹೊತ್ತು, ಕಾಲಿಡಬೇಕಾದ ಮೆಟ್ಟಿಲು ಅದೇ.

ಇನ್ನೊಂದು ಕಿಂಡಿಯಿದೆ. ಇಂಥ ವೀಸಾದವರನ್ನೇ ಹೆಚ್ಚಾಗಿ ಅವಲಂಬಿಸಿದ ಕಂಪನಿಗಳು ಸ್ಥಳೀಯರನ್ನು ಕದಲಿಸುವುದಿಲ್ಲವೆಂದು ಮಾತು ಕೊಡಬೇಕೆಂದು 1998ರ ಕಾನೂನು ವಿಧಿಸಿತು. ಆದರೆ ನೌಕರನಿಗೆ ವರ್ಷಕ್ಕೆ 60,000 ಡಾಲರ್ ಕೊಟ್ಟರೆ ಆ ಮಾತು ಬೇಕಿಲ್ಲವೆಂದು ವಿನಾಯಿತಿಯನ್ನೂ ಇಟ್ಟಿತು. ಅಂದು ಅದು ದೊಡ್ಡ ಸಂಬಳವಾಗಿತ್ತು. ಕಾಲು ಶತಮಾನ ಕಳೆದರೂ ಆ ಮೊತ್ತ ಕದಲಲಿಲ್ಲ.

ಹಾಗೆಂದು ನಮ್ಮ ಹುಡುಗನನ್ನು ದೂಷಿಸಬೇಕೆ? ಖಂಡಿತ ಇಲ್ಲ. ಅವನು ಕಳ್ಳನಲ್ಲ, ಅವನೂ ಸಿಕ್ಕಿಬಿದ್ದವನೇ. ಅವನ ವೀಸಾ ಕಂಪನಿಗೆ ಕಟ್ಟಿಹಾಕಲ್ಪಟ್ಟಿದೆ. ಬೇರೊಂದು ಕಂಪನಿ ಅರ್ಜಿ ಹಾಕಿದರೆ ಮಾತ್ರ ಅವನು ಜಾಗ ಬದಲಿಸಬಲ್ಲ. ಕೆಲಸ ಹೋದರೆ ಹೆಚ್ಚೆಂದರೆ 60 ದಿನಗಳ ಕಾಲಾವಕಾಶ. ಶಾಶ್ವತ ವಾಸದ ಗ್ರೀನ್ ಕಾರ್ಡ್‌ಗೆ ಯಾವೊಂದು ದೇಶಕ್ಕೂ ಶೇ. 7ಕ್ಕಿಂತ ಹೆಚ್ಚು ಪಾಲಿಲ್ಲವಾದ್ದರಿಂದ ಭಾರತೀಯರು ದಶಕಗಟ್ಟಲೆ ಕಾಯುತ್ತಾರೆ. ಮನೆಸಾಲ, ಮಕ್ಕಳ ಶಾಲೆ, ಊರಿನಲ್ಲಿ ವೃದ್ಧ ತಂದೆತಾಯಿ, ಇವೆಲ್ಲವನ್ನೂ ಬೆನ್ನಿಗೆ ಕಟ್ಟಿಕೊಂಡವನು ಸಂಬಳ ಕಡಿಮೆಯೆಂದು ಬಾಯಿ ಬಿಡುವನೆ? ಅವನು ಅಗ್ಗವಾಗಿರುವುದು ಅವನ ಯೋಗ್ಯತೆ ಕಡಿಮೆಯೆಂದಲ್ಲ, ಸ್ವಾತಂತ್ರ್ಯ ಕಡಿಮೆಯೆಂದು. ಆದರೂ ಬೀದಿಯ ಸಿಟ್ಟು ತಿರುಗುವುದು ಅವನತ್ತಲೇ. 2017ರ ಫೆಬ್ರವರಿಯಲ್ಲಿ ಕಾನ್ಸಾಸ್ ರಾಜ್ಯದ ಒಲೇತದಲ್ಲಿ, ನನ್ನ ದೇಶ ಬಿಟ್ಟು ತೊಲಗಿ ಎಂದು ಕಿರುಚಿದವನ ಗುಂಡಿಗೆ ಭಾರತೀಯ ಇಂಜಿನಿಯರನೊಬ್ಬ ಬಲಿಯಾದ. ಲಾಭ ಮಾಡಿಕೊಂಡವರ ಕಿಟಕಿಗೆ ಒಂದು ಕಲ್ಲೂ ಬೀಳಲಿಲ್ಲ.

ದೂರದ ಅಮೆರಿಕದ ಕಥೆ ನಮಗೇಕೆ ಎನ್ನುವವರು ಒಮ್ಮೆ ಬೆಂಗಳೂರಿನತ್ತ ನೋಡಲಿ. 2024ರ ಜುಲೈಯಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟವು ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಇತರ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಉದ್ಯಮಪತಿಗಳು ಗದ್ದಲವೆಬ್ಬಿಸಿದರು, ಪ್ರತಿಭೆಗೆ ಪೆಟ್ಟು ಎಂದರು. ಮಸೂದೆ ಕೆಲವೇ ದಿನಗಳಲ್ಲಿ ತಡೆಹಿಡಿಯಲ್ಪಟ್ಟಿತು. ಆ ಮಸೂದೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ನಾನು ತೋರಿಸುತ್ತಿರುವುದು ನಮ್ಮ ನಾಲಿಗೆಯ ಎರಡು ತುದಿಗಳನ್ನು. ಅಮೆರಿಕದ ಪದವೀಧರ ಸ್ಥಳೀಯರಿಗೆ ಕೆಲಸ ಕೊಡಿ ಎಂದಾಗ ಅದನ್ನು ದ್ವೇಷವೆನ್ನುತ್ತೇವೆ. ಅದೇ ಮಾತನ್ನು ನಾವಾಡಿದಾಗ ನ್ಯಾಯವೆನ್ನುತ್ತೇವೆ.

ಅಗ್ಗವೆಂಬ ಕಾರಣಕ್ಕೆ ಬಂದ ಕೆಲಸ ಅಗ್ಗವಾಗಿಯೇ ಉಳಿಯುತ್ತದೆ. 2010ರ ಆಸುಪಾಸಿನಲ್ಲಿ ನಮ್ಮ ದೊಡ್ಡ ಐಟಿ ಕಂಪನಿಗಳು ಹೊಸ ಇಂಜಿನಿಯರನಿಗೆ ವರ್ಷಕ್ಕೆ ಮೂರು, ಮೂರೂಕಾಲು ಲಕ್ಷ ರೂಪಾಯಿ ಕೊಡುತ್ತಿದ್ದವು. ಒಂದೂವರೆ ದಶಕದಲ್ಲಿ ಅಕ್ಕಿ, ಬಾಡಿಗೆ, ಬಸ್ಸಿನ ದರ ಎಲ್ಲವೂ ಏರಿದವು. ಆ ಆರಂಭಿಕ ಸಂಬಳ ಮಾತ್ರ ಮೂರೂವರೆ ಲಕ್ಷದ ಸುತ್ತಲೇ ಗಿರಕಿ ಹೊಡೆಯಿತು. 2025ರ ಜುಲೈಯಲ್ಲಿ ದೇಶದ ಅತಿದೊಡ್ಡ ಐಟಿ ಕಂಪನಿಯಾದ ಟಿಸಿಎಸ್ ತನ್ನ ನೌಕರರಲ್ಲಿ ಶೇ. 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು ಕೈಬಿಡುವುದಾಗಿ ಪ್ರಕಟಿಸಿತು. ನಿನ್ನೆ ಅಲ್ಲಿಯವರನ್ನು ದುಬಾರಿ ಎಂದ ತಕ್ಕಡಿಯೇ ಇಂದು ನಮ್ಮವರನ್ನೂ ತೂಗುತ್ತಿದೆ.

ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿಲ್ಲ. ಹದಿಮೂರನೇ ಲಿಯೋ ಜಗದ್ಗುರುಗಳು 1891ರ ರೇರುಮ್ ನೊವಾರುಮ್ ವಿಶ್ವಪತ್ರದಲ್ಲಿ ಕೂಲಿಯು ಕೇವಲ ಒಪ್ಪಂದದ ವಿಷಯವಲ್ಲ, ಕಾರ್ಮಿಕನ ಬದುಕಿಗೆ ಸಾಲುವಷ್ಟಿರಬೇಕೆಂದರು. ಎರಡನೇ ಜಾನ್ ಪಾಲ್ 1981ರಲ್ಲಿ ಬಂಡವಾಳಕ್ಕಿಂತ ದುಡಿಮೆ ಮೊದಲೆಂದು ಸಾರಿದರು. ಹದಿನಾರನೇ ಬೆನೆಡಿಕ್ಟರು 2009ರ ವಿಶ್ವಪತ್ರದಲ್ಲಿ ಹೊರಗುತ್ತಿಗೆಯನ್ನೇ ಪ್ರಸ್ತಾಪಿಸಿ, ಅದರಿಂದ ಕಂಪನಿಯು ಷೇರುದಾರರಿಗೆ ಮಾತ್ರ ಉತ್ತರದಾಯಿಯಾಗಿ, ನೌಕರರ ಮತ್ತು ಸಮಾಜದ ಹೊಣೆಯನ್ನು ಮರೆಯುವ ಅಪಾಯವಿದೆಯೆಂದು ಎಚ್ಚರಿಸಿದರು. ಶುಭಸಂದೇಶದ ದ್ರಾಕ್ಷಿತೋಟದ ಯಜಮಾನನನ್ನು ನೆನೆಯಿರಿ. ಸಂಜೆ ಬಂದವನಿಗೂ ಅವನು ಪೂರ್ತಿ ಕೂಲಿ ಕೊಟ್ಟ. ಸಂಜೆ ಬಂದವನು ಅಗ್ಗವೆಂದು ಬೆಳಿಗ್ಗೆ ಬಂದವನನ್ನು ಓಡಿಸಲಿಲ್ಲ.

ಈ ಕೆಲಸಗಳಿಂದಲೇ ನಮ್ಮ ಎಷ್ಟೋ ಕುಟುಂಬಗಳು ಸಾಲ ತೀರಿಸಿವೆ, ತಂಗಿಯರ ಮದುವೆ ಮಾಡಿವೆ, ದೇವಾಲಯಗಳ ಜೀರ್ಣೋದ್ಧಾರಕ್ಕೆ ಕೊಟ್ಟಿವೆ. ಬಡ ದೇಶದ ಹುಡುಗ ಮೇಲೇರಬಾರದೆ ಎಂದು ಕೇಳುವವರಿದ್ದಾರೆ. ಏರಲಿ. ಆದರೆ ಇನ್ನೊಬ್ಬನ ಹೆಗಲು ತುಳಿಯುವಂತೆ ಅವನ ಕಾಲನ್ನು ಎತ್ತಿಡುವವರು ಯಾರೆಂದು ತಿಳಿದಿರಲಿ. ಒಂದೇ ಕೆಲಸಕ್ಕೆ ಒಂದೇ ವೇತನ, ಬೇಡವಾದ ಒಡೆಯನನ್ನು ಬಿಟ್ಟುಹೋಗುವ ಸ್ವಾತಂತ್ರ್ಯ: ಇವೆರಡು ಇದ್ದರೆ ಯಾವ ದೇಶದವನು ಯಾವ ದೇಶಕ್ಕೆ ಹೋದರೂ ಯಾರಿಗೂ ಅನ್ಯಾಯವಿಲ್ಲ. ಅಧ್ಯಕ್ಷ ಟ್ರಂಪ್ 2025ರ ಸೆಪ್ಟೆಂಬರ್‌ನಲ್ಲಿ ಹೊರದೇಶದಿಂದ ಕರೆತರುವವರ ಹೊಸ ಅರ್ಜಿಗೆ ಘೋಷಿಸಿದ 1 ಲಕ್ಷ ಡಾಲರ್ ಶುಲ್ಕ ಇವೆರಡರಲ್ಲಿ ಯಾವುದನ್ನೂ ಕೊಡುವುದಿಲ್ಲ. ಆ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆಯೇ ಹೊರತು ದುಡಿಯುವವನ ಕೈಗಲ್ಲ. ಮನುಷ್ಯನನ್ನು ಕರೆಸುವುದು ದುಬಾರಿಯಾದರೆ ಕಂಪನಿ ಕೆಲಸವನ್ನೇ ಬೆಂಗಳೂರಿಗೆ ಕಳುಹಿಸುತ್ತದೆ, ಇನ್ನೂ ಕಡಿಮೆ ಬೆಲೆಗೆ.

ಕಳೆದ ವರ್ಷ ಆ ತಾಯಿ ಮತ್ತೆ ಬಂದರು. "ಸ್ವಾಮಿ, ಮಗನ ಕಂಪನಿಯಲ್ಲಿ ಜನರನ್ನು ತೆಗೀತಿದ್ದಾರಂತೆ. ಅವನ ಕೆಲಸಾನ ಬೆಂಗಳೂರಿನ ಹುಡುಗರಿಗೆ ಫೋನಿನಲ್ಲೇ ಕಲಿಸಿಕೊಡು ಅಂದಿದ್ದಾರಂತೆ" ಎಂದು ಕಣ್ಣೊರೆಸಿಕೊಂಡರು. ಪುಸ್ತಕ ತೆರೆದು ಅವರ ಕೋರಿಕೆಯನ್ನು ಬರೆದುಕೊಂಡೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಅವನಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವರಿಗಾಗಿ.

ಪ್ರಿಯ ಓದುಗರೇ, ನಮ್ಮ ಧರ್ಮಕೇಂದ್ರಗಳಲ್ಲಿ ಇಂದು ಕೆಲಸ ಹುಡುಕುವ ಪದವೀಧರರಷ್ಟೇ ಅಲ್ಲ, ಕೆಲಸ ಕೊಡುವ ಮ್ಯಾನೇಜರುಗಳೂ ಇದ್ದಾರೆ. ಭಾನುವಾರ ಒಂದೇ ಬೆಂಚಿನಲ್ಲಿ ಮೊಣಕಾಲೂರುತ್ತಾರೆ. ಸೋಮವಾರ ನೇಮಕಾತಿಯ ಕಾಗದಕ್ಕೆ ಸಹಿ ಹಾಕುವ ಕೈಗಳು ಒಂದು ಕ್ಷಣ ತಡೆದು ಕೇಳಿಕೊಳ್ಳಲಿ: ನಾನು ಇವನನ್ನು ಯೋಗ್ಯನೆಂದು ಕರೆಯುತ್ತಿದ್ದೇನೆಯೋ, ಅಗ್ಗವೆಂದು ಕೊಳ್ಳುತ್ತಿದ್ದೇನೆಯೋ?