ಆಕಾಶದ ದೂರ, ಕಾಲುಸಂಕದ ದೂರ

2023ರ ಫೆಬ್ರವರಿ 27ರಂದು ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಗೊಂಡಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಸುಮಾರು 450 ಕೋಟಿ ರೂಪಾಯಿ ವೆಚ್ಚದಲ್ಲಿ 3,200 ಮೀಟರ್ ಉದ್ದದ ಓಡುದಾರಿ ಸಿದ್ಧವಾಯಿತು. ರಾಜಧಾನಿ ಹತ್ತಿರವಾಯಿತೆಂಬ ಸಂಭ್ರಮ ಎಲ್ಲೆಡೆ ಕೇಳಿಬಂತು. ಹತ್ತಿರವಾದದ್ದು ಯಾರಿಗೆ ಎಂಬ ಪ್ರಶ್ನೆ ಮಾತ್ರ ಆ ಸಂಭ್ರಮದಲ್ಲಿ ಮರೆಯಾಯಿತು.

ಶಿವಮೊಗ್ಗ ಮತ್ತು ಬೆಂಗಳೂರಿನ ನಡುವಿನ ಆಕಾಶಮಾರ್ಗ ಸುಮಾರು 240 ಕಿಲೋಮೀಟರ್. ಹಾರಾಟಕ್ಕೆ ಒಂದು ಗಂಟೆಯ ಆಸುಪಾಸು. ಆದರೆ ಪ್ರಯಾಣಿಕನು ಸೋಗಾನೆಗೆ ಹೋಗಬೇಕು, ತಪಾಸಣೆಗೆ ಒಂದು ಗಂಟೆ ಮೊದಲೇ ತಲುಪಿರಬೇಕು. ದೇವನಹಳ್ಳಿಯ ಬಳಿ ಇಳಿದ ಮೇಲೆ ಸುಮಾರು 35 ಕಿಲೋಮೀಟರ್ ವಾಹನದಟ್ಟಣೆಯನ್ನು ದಾಟಿ ನಗರದ ನಡುವಿಗೆ ಸೇರಬೇಕು. ಎಲ್ಲವನ್ನೂ ಕೂಡಿದರೆ ನಾಲ್ಕು ಗಂಟೆಗೆ ಬಂದು ನಿಲ್ಲುತ್ತದೆ. ಜನಶತಾಬ್ದಿ ರೈಲು ಐದು ಗಂಟೆಯೊಳಗೆ ನೇರವಾಗಿ ನಗರದೊಳಗೇ ತಲುಪಿಸುತ್ತದೆ. ಉಳಿಯುವುದು ಅಲ್ಪ ಸಮಯ. ತೆರುವುದು ಹಲವು ಪಟ್ಟು ಹಣ.

ರೈಲು ದಾರಿಯ ಊರುಗಳನ್ನೂ ಜೋಡಿಸುತ್ತದೆ. ಭದ್ರಾವತಿ, ತರೀಕೆರೆ, ಬೀರೂರು, ಕಡೂರು, ಅರಸೀಕೆರೆಗಳು ಈ ಹಳಿಯ ಮೇಲಿವೆ. ವಿಮಾನಕ್ಕೆ ನಡುವಿನ ಊರುಗಳೇ ಇಲ್ಲ. ನಿಲ್ದಾಣ ಉದ್ಘಾಟನೆಯಾಗುವ ತಿಂಗಳ ಹಿಂದಷ್ಟೇ ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದು ಕಾರ್ಮಿಕರು ಹೋರಾಟಕ್ಕಿಳಿದಿದ್ದರು. ದುಡಿಮೆಗೆ ಕುತ್ತು ಬಂದ ಮನೆಗಳಿಗೆ ಆಸರೆ ಬಸ್ಸು ಮತ್ತು ರೈಲುಗಳೇ ಹೊರತು ವಿಮಾನವಲ್ಲ. ಪರಿಸರದ ಲೆಕ್ಕವೂ ಇದನ್ನೇ ಹೇಳುತ್ತದೆ. ವಿಮಾನವು ಮೇಲೇರುವಾಗಲೇ ಹೆಚ್ಚು ಇಂಧನವನ್ನು ಉರಿಸುವುದರಿಂದ, ಹಾರಾಟ ಗಿಡ್ಡವಾದಷ್ಟೂ ಪ್ರತಿ ಕಿಲೋಮೀಟರಿನ ಹೊಗೆಯ ಹೊರೆ ಹಿಗ್ಗುತ್ತದೆ.

ಇದೇ ಜಿಲ್ಲೆಯಲ್ಲಿ ಇನ್ನೊಂದು ದೂರವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನಾಡಿಗೆ ಬೆಳಕು ಬಂತು. ಶರಾವತಿಯ ಹಿನ್ನೀರಿನಾಚೆ ತುಮರಿ ಸೀಮೆ ದ್ವೀಪವಾಯಿತು. ಹೆರಿಗೆ ನೋವಾಗಲಿ, ಹಾವಿನ ಕಡಿತವಾಗಲಿ, ಸಾಗರದ ಆಸ್ಪತ್ರೆಗೆ ಬರಲು ಲಾಂಚ್ ಕಾಯಬೇಕಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈ 14ರಂದು. ಆರು ದಶಕಗಳ ಆ ಕಾಯುವಿಕೆ ಯಾವ ಪ್ರಯಾಣ ವೇಳಾಪಟ್ಟಿಯಲ್ಲೂ ದಾಖಲಾಗಲಿಲ್ಲ. ಇಂದಿಗೂ ಮಳೆಗಾಲದಲ್ಲಿ ಕಾಲುಸಂಕ ಕೊಚ್ಚಿಹೋದರೆ ಅರ್ಧ ಮೈಲಿಯ ಶಾಲೆಯೂ ಪರದೇಶವಾಗುತ್ತದೆ.

ವಿಮಾನ ನಿಲ್ದಾಣ ಕಟ್ಟಿಯಾಗಿದೆ; ಅದರಿಂದ ಕೆಲವರಿಗೆ ಅನುಕೂಲವೂ ಆಗಿದೆ. ಆದರೆ ಸಾರ್ವಜನಿಕ ಹಣ ವ್ಯಯಿಸುವಾಗ ಮೊದಲು ಅಳೆಯಬೇಕಾದದ್ದು ಕಟ್ಟಕಡೆಯ ಮನೆಯಿಂದ ಶಾಲೆಗೆ, ಆಸ್ಪತ್ರೆಗೆ, ತಾಲ್ಲೂಕು ಕೇಂದ್ರಕ್ಕೆ ತಗಲುವ ಸಮಯವನ್ನು. ಈ ಅಳತೆಗೆ ತಜ್ಞರೇ ಬೇಕಿಲ್ಲ. ಪ್ರತಿ ಊರಿನ ವಿದ್ಯಾರ್ಥಿಗಳು ಒಂದು ಮಳೆಗಾಲವಿಡೀ ಮನೆಯಿಂದ ತರಗತಿಯವರೆಗಿನ ನಡಿಗೆ, ಕಾಯುವಿಕೆ, ತಪ್ಪಿದ ಬಸ್ಸುಗಳನ್ನು ಬರೆದಿಟ್ಟರೆ ಸಾಕು. ಆ ಪುಸ್ತಕವನ್ನು ಗ್ರಾಮಸಭೆಯಲ್ಲಿ ಓದಿ ನಡಾವಳಿಗೆ ಸೇರಿಸಬೇಕು. ಲೆಕ್ಕಕ್ಕೆ ಬಾರದ ದೂರಕ್ಕೆ ದಾರಿಯನ್ನು ಯಾರೂ ಕಟ್ಟುವುದಿಲ್ಲ.